ಮಲಗಿಯೇ ಹೇಳಿದ ಅರ್ಥ

ಕೆಮ್ಮು ಒಬ್ಬನೇ ಮಾಡುವ ಕೆಲಸ ಎಂದು ನಂಬಿರುವವರಿಗೆ ನನ್ನದೊಂದು ನಮಸ್ಕಾರ. ನಮ್ಮ ಮನೆಯಲ್ಲಿ ಅದು ಇಬ್ಬರ ಕೆಲಸವಾಗಿತ್ತು. ನಾನು ಉಸಿರು ಎಳೆದುಕೊಂಡು ಹೆಂಡತಿಗೆ ಕಣ್ಣು ಮಿಟುಕಿಸಬೇಕು, ಅವಳು ಎರಡೂ ಅಂಗೈಗಳನ್ನು ನನ್ನ ಪಕ್ಕೆಲುಬಿನ ಕೆಳಗಿಟ್ಟು ಮೇಲಕ್ಕೆ ಒತ್ತಬೇಕು, ಆಗ ಕೆಮ್ಮು ಬರಬೇಕು. ಇಬ್ಬರ ಹೊಂದಾಣಿಕೆ ತಪ್ಪಿದರೆ ಕೆಮ್ಮಿನ ಬದಲು ಸುಂಡಿಲಿ ಕೂಗಿದಂಥ ಸದ್ದು ಬಂದು ಇಬ್ಬರೂ ನಗುತ್ತಿದ್ದೆವು. ನಗುವುದಕ್ಕೂ ಉಸಿರು ಬೇಕಲ್ಲ, ಹಾಗಾಗಿ ನನ್ನ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದರ್ಧವನ್ನು ಅವಳೇ ನಕ್ಕು ಮುಗಿಸುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಒಂದು ಶುಕ್ರವಾರ ಮಸ್ಕತ್ತಿನ ಆಚೆ ಪಿಕ್ನಿಕ್ಕಿಗೆ ಹೋದ ನಾನು ವಾದಿಯ ನೀರಿಗೆ ತಲೆಕೆಳಗಾಗಿ ಹಾರಿದೆ. ವಾದಿ ಎಂದರೆ ಅಲ್ಲಿನ ಬೋಳು ಗುಡ್ಡಗಳ ನಡುವೆ ಮಳೆ ಬಂದರೆ ಹರಿಯುವ, ಇಲ್ಲದಿದ್ದರೆ ಅಲ್ಲಲ್ಲಿ ಗುಂಡಿಗಳಲ್ಲಿ ನಿಲ್ಲುವ ಹೊಳೆ. ನೇತ್ರಾವತಿಯಲ್ಲಿ ಈಜು ಕಲಿತವನಿಗೆ ಇದೆಂಥ ನೀರು ಎಂಬ ಸೊಕ್ಕು. ನೀರು ಸೊಂಟದ ಮಟ್ಟಕ್ಕೂ ಇರಲಿಲ್ಲ. ಕುತ್ತಿಗೆ ಮುರಿಯಿತು, ಹೆಗಲಿನಿಂದ ಕೆಳಗೆ ಕೈಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ಅಳಬೇಕಾದ್ದನ್ನೆಲ್ಲ ಆಸ್ಪತ್ರೆಯಲ್ಲೇ ಅತ್ತು ಮುಗಿಸಿದ್ದೇನೆ, ಇಲ್ಲಿ ಮತ್ತೆ ಅಳುವುದಿಲ್ಲ.

ನಾನೂ ಹೆಂಡತಿಯೂ ಮಸ್ಕತ್ತಿನ ಖುರುಮ್ ಬಡಾವಣೆಯ ಒಂದೇ ಕಂಪೆನಿಯಲ್ಲಿದ್ದೆವು. ಏರ್ ಕಂಡೀಷನರ್ ಮಾರಿ ರಿಪೇರಿ ಮಾಡುವ ಕಂಪೆನಿ. ನಮ್ಮ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಹೊಣೆ ನಿಂತ ಒಮಾನಿ ಮಾಲೀಕರು, ಆಸ್ಪತ್ರೆಗೆ ಬಂದು ಮಂಚದ ಕಾಲ ಬಳಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಕೈ ಖಲಾಸ್, ಕಾಲು ಖಲಾಸ್. ಜುಬಾನ್ ತೋ ಹೈ ನಾ?” ಎಂದರು. ನಾಲಿಗೆ ಇತ್ತು. ನಾಲಿಗೆ ಮಾತ್ರ ಧಾರಾಳವಾಗಿಯೇ ಇತ್ತು. ಹಾಗೆ ನಾನು ಸೀಬಿನ ನಮ್ಮ ಬಾಡಿಗೆ ವಿಲ್ಲಾದಲ್ಲಿ ಸ್ಪೀಕರ್ ಫೋನಿನ ಮುಂದೆ ಕೂತು ಕಂಪೆನಿಯ ದೂರುಗಳನ್ನು ಕೇಳುವವನಾದೆ. ತಮ್ಮ ಏಸಿ ಗಾಳಿ ಬಿಡುವುದಿಲ್ಲ ಎಂದು ಊರವರೆಲ್ಲ ನನಗೆ ದೂರುತ್ತಿದ್ದರು. ನನ್ನ ಎದೆಯೂ ಬಿಡುವುದಿಲ್ಲ ಎಂದು ನಾನು ಯಾರಿಗೆ ದೂರಲಿ?

ಆದರೆ ನಾಲಿಗೆಗೆ ದೂರು ಕೇಳಿದರೆ ಹೊಟ್ಟೆ ತುಂಬುವುದಿಲ್ಲ. ನಾನು ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ನಾವು ಕೂತಲ್ಲೇ ರಾಜರಾಗಿ, ದೂತರಾಗಿ, ಬಾಯಿಗೆ ಬಂದಂತೆ ವಾದ ಹೂಡುತ್ತೇವೆ. ಮಸ್ಕತ್ತಿನಲ್ಲಿ ನಮ್ಮದೊಂದು ಸಣ್ಣ ಕೂಟವಿತ್ತು. ಅಲ್ ಅಮೇರಾತಿನಲ್ಲಿ ಗ್ಯಾರೇಜು ನಡೆಸುತ್ತಿದ್ದವರು ಭಾಗವತರು. ಸೀಬಿನ ಸೂಕಿನ, ಅಂದರೆ ಪೇಟೆಯ, ಹತ್ತಿರ ದಿನಸಿ ಅಂಗಡಿ ಇಟ್ಟಿದ್ದ ಬ್ಯಾರಿ ಸ್ನೇಹಿತರು ಮದ್ದಳೆಗೆ. ಖುರುಮಿನ ಬ್ಯಾಂಕೊಂದರ ಮ್ಯಾನೇಜರು ನನ್ನ ಖಾಯಂ ಎದುರಾಳಿ. ಕೈಕಾಲು ಅಲ್ಲಾಡಿಸದೆ ಜಗತ್ತನ್ನೇ ಗೆಲ್ಲಬಹುದಾದ ಕಲೆ ಇದೊಂದೇ, ಅದೂ ನನಗೆ ಮೊದಲೇ ಗೊತ್ತಿತ್ತು! ಒಂದು ಪಾತ್ರವನ್ನು ಮೊದಲಿನಿಂದ ಕೊನೆವರೆಗೆ, ಉಸಿರು ಕೆಡದೆ, ಪೂರ್ತಿಯಾಗಿ ಹೇಳಿ ಮುಗಿಸಬೇಕು. ಅಷ್ಟಾದರೆ ನಾನು ನಾನೇ ಎಂದು ನನಗನಿಸುತ್ತಿತ್ತು.

ಗಾಲಿಕುರ್ಚಿಯಲ್ಲಿ ಕೂತು ಮೊದಲ ಸಲ ಬಾಯಿ ತೆರೆದೆ. “ಎಲವೋ... ದೂತ... ನಿನ್ನ... ಒಡೆಯನಿಗೆ...” ನಾನು ಕ್ರಿಯಾಪದಕ್ಕೆ ತಲುಪುವುದರೊಳಗೆ ಸಭೆಯವರು ಚಹಾ ಕುಡಿದು ಲೋಟ ಕೆಳಗಿಟ್ಟಿದ್ದರು. ಆಸ್ಪತ್ರೆಯ ಈಜಿಪ್ಟಿನ ಡಾಕ್ಟರು ಇದನ್ನು ಚಿತ್ರ ಬರೆದು ವಿವರಿಸಿದರು. ಪಕ್ಕೆಲುಬಿನ ಸ್ನಾಯುಗಳು ಹೋಗಿವೆ, ಹೊಟ್ಟೆಯವೂ ಹೋಗಿವೆ. ಎದೆಗೂ ಹೊಟ್ಟೆಗೂ ನಡುವಿನ ಒಂದು ಪರದೆ, ಶಾಲೆಯಲ್ಲಿ ವಪೆ ಎಂದು ಓದಿದ್ದೆವಲ್ಲ, ಅದೊಂದೇ ಎಲ್ಲ ಗಾಳಿಯನ್ನೂ ಎಳೆಯಬೇಕು. ಕೂತಾಗ ಸಡಿಲವಾದ ಹೊಟ್ಟೆ ಮುಂದಕ್ಕೆ ಜೋಲುತ್ತದೆ, ಪರದೆಯೂ ಅದರ ಜೊತೆ ಕೆಳಗಿಳಿದು ಸೋತುಬಿಡುತ್ತದೆ. ಮಲಗಿದಾಗ ಹೊಟ್ಟೆಯೊಳಗಿನದೆಲ್ಲ ಮೇಲಕ್ಕೆ ಸರಿದು ಅದಕ್ಕೆ ಆಸರೆ ಕೊಡುತ್ತದೆ. ಎಲ್ಲರಿಗೂ ಕೂತರೆ ಉಸಿರು ಸಲೀಸು, ನನಗೆ ಮಲಗಿದರೆ. ಕೂರಬೇಕಾದಾಗ ಹೊಟ್ಟೆಗೆ ಬಿಗಿಯಾಗಿ ಬೆಲ್ಟು ಕಟ್ಟಿ ಎಂದರು. ಆ ಬೆಲ್ಟು ಎಲ್ಲೂ ಸಿಗಲಿಲ್ಲ.

ಆಗ ಊರಿನಿಂದ ಬಂದಿಳಿದವರು ನಮ್ಮ ಅತ್ತೆ, ಹೆಂಡತಿಯ ತಾಯಿ. ಮಗಳ ಮದುವೆಯಾದಾಗಿನಿಂದ ನನ್ನ ಎದುರು ನಿಂತು ಮಾತಾಡಿದವರಲ್ಲ. ಅಳಿಯನೆಂದರೆ ಬಾಗಿಲ ಸಂದಿಯಿಂದ ನೋಡಬೇಕಾದ ಪ್ರಾಣಿ ಎಂಬ ಹಳೇ ಕ್ರಮದವರು. ಡಾಕ್ಟರ ಬೆಲ್ಟಿನ ಕಥೆ ಕೇಳಿ ಮಗಳಿಗೆ ಹೇಳಿದರು, “ಇದಕ್ಕೆಲ್ಲ ಬೆಲ್ಟ್ ಎಂತಕ್ಕೆ? ಬಾಣಂತಿಗೆ ಕಟ್ಟಿದ ಹಾಗೆ ಕಟ್ಟಿದ್ರಾಯ್ತು.” ಹಳೇ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಮಡಚಿ, ನನ್ನನ್ನು ಅತ್ತ ಇತ್ತ ಹೊರಳಿಸಿ, ಊರಿನ ಎಷ್ಟೋ ಹೆರಿಗೆಗಳ ಅನುಭವವನ್ನೆಲ್ಲ ಒಟ್ಟು ಮಾಡಿ ಸುತ್ತಿ ಬಿಗಿದರು. ಅವರ ಮೊಣಕಾಲು ನನ್ನ ಸೊಂಟದ ಮೇಲಿತ್ತು, ಎರಡೂ ಕೈ ನನ್ನ ಹೊಟ್ಟೆಯ ಮೇಲಿದ್ದವು, ಆದರೂ ಮಾತು ಮಾತ್ರ ಮಗಳ ಮೂಲಕವೇ. “ಅವ್ರಿಗೆ ಉಸ್ರು ಬಿಡ್ಲಿಕ್ಕೆ ಹೇಳು.” ಹೆಂಡತಿ ನನ್ನ ಕಡೆ ತಿರುಗಿ, “ಉಸ್ರು ಬಿಡ್ಬೇಕಂತೆ.” ನಾನು ಬಿಟ್ಟೆ. “ಬಿಟ್ರಂತೆ ಅಮ್ಮ.”

ಕೂರಿಸಿದರು. ಅಬ್ಬಾ, ಒಂದೇ ಉಸಿರಿಗೆ ಎಂಟು ಹತ್ತು ಪದ! ಸಂತೋಷಕ್ಕೆ ಅಡುಗೆಮನೆಯ ಡಬ್ಬಿಗಳ ಹೆಸರನ್ನೆಲ್ಲ ಒಂದೇ ಗುಕ್ಕಿಗೆ ಹೇಳಿದೆ. ಆದರೆ ಅತ್ತೆಯ ಶಾಸ್ತ್ರದಲ್ಲಿ ಹೊಟ್ಟೆ ಕಟ್ಟಿಸಿಕೊಂಡವನು ಬಾಣಂತಿ, ಬಾಣಂತಿ ಎಂದಮೇಲೆ ಅರ್ಧಂಬರ್ಧ ಇಲ್ಲ. ಬೆಳಿಗ್ಗೆ ಒಳ್ಳೆಮೆಣಸಿನ ಕಷಾಯ, ಸಂಜೆ ಲೇಹ್ಯ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕೊನೆಗೆ, ಗಾಳಿ ತಾಗಬಾರದೆಂದು ಒಮಾನಿನ ಜೂನ್ ತಿಂಗಳಲ್ಲಿ ಏಸಿ ಬಂದ್. ನನಗೋ ಕುತ್ತಿಗೆಯ ಕೆಳಗೆ ಬೆವರೇ ಬರುವುದಿಲ್ಲ, ಬಿಸಿ ಏರಿದರೆ ಇಳಿಯುವ ದಾರಿಯಿಲ್ಲ. ಹೆಂಡತಿ ಏಸಿ ಹಾಕುವುದು, ಅತ್ತೆ ಆರಿಸುವುದು, ನಡುವೆ ಏಸಿ ಕಂಪೆನಿಯ ನೌಕರ ಕಿವಿಗೆ ಹತ್ತಿ ತುರುಕಿಸಿಕೊಂಡು ಫೋನಿನಲ್ಲಿ, “ಹೌದು ಸಾರ್, ಕೂಲಿಂಗ್ ಸಾಲ್ತಾ ಇಲ್ವಾ ಸಾರ್?”

ಸೀರೆ ಬಿಗಿದುಕೊಂಡು ಕೂಟಕ್ಕೆ ಇಳಿದೆ. ನನ್ನದು ಗರ್ವದ ರಾಜನ ಪಾತ್ರ, ಮ್ಯಾನೇಜರು ಸಂಧಿಗೆ ಬಂದ ದೂತ. ಅವರ ಪೀಠಿಕೆ ಮುಗಿಯುವುದರೊಳಗೆ ಕುಚ್ಚಲಕ್ಕಿ ಬೆಂದು ಅನ್ನವಾಗುತ್ತದೆ ಎಂಬ ಮಾತಿತ್ತು. ನನಗೆ ಆ ದಿನಗಳಲ್ಲಿ ವಿಚಿತ್ರ ತೂಕಡಿಕೆ. ಎಷ್ಟು ಮಲಗಿದರೂ ಬೆಳಿಗ್ಗೆ ತಲೆನೋವು, ಹಗಲಿಡೀ ಮಂಪರು. ಫೋನಿನಲ್ಲಿ ದೂರು ಕೇಳುತ್ತಲೇ ನಿದ್ದೆ ಹೋಗಿ ಗ್ರಾಹಕರಿಂದ ಬೈಸಿಕೊಂಡದ್ದೂ ಇತ್ತು. ದೂತ ರಾಜನೀತಿ ಶುರುಮಾಡಿದ, ರಾಜ ನಿದ್ದೆ ಹೋದ. ಬರಿಯ ನಿದ್ದೆಯಲ್ಲ, ಗೊರಕೆ! ಸಭೆ ಒಮ್ಮೆ ಬೆಚ್ಚಿ, ಆಮೇಲೆ ರೋಮಾಂಚನಗೊಂಡಿತು. ದೂತನ ಮಾತಿಗೆ ಎಂಥ ತಾತ್ಸಾರ, ಎಂಥ ಕಲ್ಪನೆ! ಮ್ಯಾನೇಜರು ಪಾತ್ರದೊಳಗೇ ಸಿಡಿದೆದ್ದರು, “ಮಹಾರಾಜ, ಧರ್ಮದ ಮಾತಿಗೆ ಗೊರಕೆಯೇ ನಿನ್ನ ಉತ್ತರ?” ಸರಿಯಾದ ಹೊತ್ತಿಗೆ ನಾನು ಇನ್ನೊಂದು ಎಳೆದೆನಂತೆ. ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು.

ಕೂಟ ಮುಗಿದ ಮೇಲೆ ಮ್ಯಾನೇಜರು ನನ್ನ ಹೆಗಲು ಹಿಡಿದು, “ಎಂತ ಮಾರಾಯ, ಆ ಗೊರಕೆ! ಮೊದ್ಲೇ ಹೇಳ್ಬಾರ್ದಾ? ನಾನು ಇನ್ನೂ ಸ್ವಲ್ಪ ಏರಿಸ್ತಿದ್ದೆ” ಎಂದರು. ಮುಂದಿನ ಕೂಟಕ್ಕೂ ಗೊರಕೆ ಬೇಕೆಂದು ಜನರ ಒತ್ತಾಯ ಬಂತು. ನಾನು ಮಹಾ ಕಲಾವಿದನಂತೆ ಮುಗುಳ್ನಕ್ಕೆ. ಒಳಗೆ ಮಾತ್ರ ಕಸಿವಿಸಿ. ಪಾತ್ರ ಅರ್ಧಕ್ಕೇ ಬಿದ್ದಿತ್ತು, ಬಿದ್ದದ್ದು ನನಗೊಬ್ಬನಿಗೇ ಗೊತ್ತಿತ್ತು.

ಮನೆಯಲ್ಲಿ ನನ್ನ ಗೊರಕೆಗೆ ದೊಡ್ಡ ಮರ್ಯಾದೆ. ನಮ್ಮ ಕಡೆ ಗೊರಕೆ ಎಂದರೆ ಗಟ್ಟಿ ನಿದ್ದೆಯ ಗುರುತು. ನಿದ್ದೆ ಬಂದ ರೋಗಿ ಅರ್ಧ ಗುಣವಾದ ಹಾಗೆ, ಅವನನ್ನು ಎಬ್ಬಿಸುವುದು ಪಾಪ. ನಾನು ಮಲಗಿದರೆ ಹೆಂಡತಿ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಡುತ್ತಿದ್ದಳು, ಪಕ್ಕದ ಮನೆಯ ಮಕ್ಕಳನ್ನು ಗದರಿಸುತ್ತಿದ್ದಳು, ತುದಿಗಾಲಲ್ಲಿ ನಡೆಯುತ್ತಿದ್ದಳು. ಗೊರಕೆ ಜೋರಾದಾಗ “ಪಾಪ, ಒಳ್ಳೆ ನಿದ್ದೆ” ಎನ್ನುತ್ತಿದ್ದಳು. ಗೊರಕೆ ನಿಂತು ಸದ್ದಡಗಿದಾಗ, “ಶ್, ಈಗ ಪೂರಾ ನಿದ್ದೆ ಹತ್ತಿತು” ಎಂದು ಬಾಗಿಲು ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು.

ಆ ನಂಬಿಕೆಯನ್ನು ಒಡೆದವರು ಮದ್ದಳೆಯವರು. ಇದು ನಾನು ಕಂಡದ್ದಲ್ಲ, ನಿದ್ದೆಯಲ್ಲಿದ್ದೆ. ಮನೆಯವರೆಲ್ಲ ಬೇರೆಬೇರೆಯಾಗಿ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ. ಒಂದು ಶುಕ್ರವಾರ ಅವರು ಜುಮ್ಮಾ ನಮಾಜು ಮುಗಿಸಿ ಊಟಕ್ಕೆ ಬಂದಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು. ಅದಾದ ಮೇಲೆ ನಾನು ಎಂದಿನಂತೆ ಅಂಗಾತ ಬಿದ್ದು ಗೊರಕೆ. ಜನ ಬೇಡಿದ ಗೊರಕೆಗೆ ಮದ್ದಳೆಯ ಸಾಥು ಕೂರಿಸಬೇಕೆಂದು ಅವರು ಮಂಚದ ಪಕ್ಕ ಕೂತು ಮೆಲ್ಲಗೆ ನುಡಿಸತೊಡಗಿದರು. ಗೊರಕೆ ಏರಿತು, ಮದ್ದಳೆ ಏರಿತು. ಗೊರಕೆ ನಿಂತಿತು. ಮುಂದಿನ ಪೆಟ್ಟಿಗೆ ಕೈ ಎತ್ತಿದವರು ಕಾದರು. ಗೊರಕೆ ಬರಲಿಲ್ಲ. ಇನ್ನೂ ಕಾದರು. ನನ್ನ ಹೊಟ್ಟೆ ಏಳುತ್ತ ಬೀಳುತ್ತ ಒದ್ದಾಡುತ್ತಿತ್ತು, ಬಾಯಲ್ಲಿ ಸದ್ದಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ನೋಡಿದರು.

“ಅಕ್ಕಾ! ಓಡಿ ಬನ್ನಿ, ಇವ್ರಿಗೆ ಉಸ್ರೇ ಇಲ್ಲ!”

ಮೊದಲು ಓಡಿ ಬಂದವರು ಅತ್ತೆ. ಕ್ರಮ, ಮರ್ಯಾದೆ, ಬಾಗಿಲ ಸಂದಿ, ಎಲ್ಲ ಅಡುಗೆಮನೆಯಲ್ಲೇ ಬಿದ್ದಿತ್ತು. ಅಳಿಯನ ಕೆನ್ನೆಗೆ ರಪ್ಪನೆ ಒಂದು ಬಾರಿಸಿ ಮುಖಕ್ಕೆ ಮುಖ ಕೊಟ್ಟು ಕೂಗಿದರು, “ಉಸ್ರು ತೆಗೀರಿ ಮಾರಾಯ್ರೆ!” ನಾನು ನೀರಿನಿಂದ ಮೇಲೆದ್ದವನ ಹಾಗೆ ಗಕ್ಕನೆ ಗಾಳಿ ಎಳೆದು ಕಣ್ಣು ಬಿಟ್ಟೆ. “ಪದ್ಯ ಮುಗೀತಾ?” ಎಂದು ಕೇಳಿದೆನಂತೆ. ಮದ್ದಳೆಯವರು ನಕ್ಕರು, ಅತ್ತೆ ಅತ್ತರು. ಹೆಂಡತಿ ಎರಡನ್ನೂ ಮಾಡಲಿಲ್ಲ. ಗೋಡೆಗೆ ಒರಗಿ ನಿಂತು, “ಆ ಸದ್ದು ನಿಂತಾಗೆಲ್ಲ ನಾನು ಬಾಗಿಲು ಹಾಕ್ತಿದ್ದೆ” ಎಂದಳು. ಆ ಮಾತನ್ನು ಅವಳು ಮತ್ತೆ ಎಂದೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿ ನೋಡಿದರು. ಮಲಗಿದಾಗ ಗಂಟಲು ಸಡಿಲಾಗಿ ದಾರಿ ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಹೆದರಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ. ಇಡೀ ರಾತ್ರಿ ನಾನು ಮಲಗುವುದೇ ಇಲ್ಲವಂತೆ, ಬರೀ ಮಲಗುವ ಪ್ರಯತ್ನವಂತೆ. ಎಂಥ ತಮಾಷೆ ನೋಡಿ! ಕೂತರೆ ಉಸಿರಿಲ್ಲ, ಮಲಗಿದರೆ ಉಸಿರಿದೆ, ಮಲಗಿ ನಿದ್ದೆ ಹೋದರೆ ಮತ್ತೆ ಇಲ್ಲ. ಕುತ್ತಿಗೆ ಮುರಿದವರಲ್ಲಿ ಇದು ಸಾಮಾನ್ಯ ಎಂದರು ಡಾಕ್ಟರು. ನನ್ನ ಕಾಯಿಲೆಯಾದರೂ ಸಾಮಾನ್ಯವಾಯಿತಲ್ಲ ಎಂದು ಖುಷಿಪಟ್ಟೆ.

ಕಫೀಲರ ಮಗ ಲಂಡನ್ನಿನಿಂದ ಬರುವಾಗ ಯಂತ್ರ ತಂದುಕೊಟ್ಟ. ಒಂದು ಪೆಟ್ಟಿಗೆ, ಒಂದು ಕೊಳವೆ, ಮೂಗಿಗೆ ಒಂದು ಮುಖವಾಡ. ಪೆಟ್ಟಿಗೆ ಸತತವಾಗಿ ಗಾಳಿ ಊದಿ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಷರತ್ತು ಒಂದೇ. ಬಾಯಿ ತೆರೆದರೆ ಗಾಳಿಯೆಲ್ಲ ಬುಸ್ಸೆಂದು ಅಲ್ಲಿಂದಲೇ ಹೊರಟುಹೋಗುತ್ತದೆ. ಡಾಕ್ಟರು ಬೆರಳೆತ್ತಿ ಹೇಳಿದರು, ಬಾಯಿ ಮುಚ್ಚಿಕೊಂಡರೆ ಬದುಕುತ್ತೀರಿ. ನನ್ನ ಹೆಂಡತಿ ಅಷ್ಟು ದಿನಗಳ ನಂತರ ಅಂದು ಮೊದಲ ಸಲ ಬಿದ್ದು ಬಿದ್ದು ನಕ್ಕಳು. ಈ ಮಾತನ್ನು ತಾನು ಮದುವೆಯ ಮರುದಿನದಿಂದಲೇ ಹೇಳುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿದಳು.

ಯಂತ್ರ ಕಟ್ಟಿಕೊಂಡು ಮೊದಲ ಸಲ ನಿಜವಾಗಿ ನಿದ್ದೆ ಮಾಡಿದ ಬೆಳಗನ್ನು ಹೇಗೆ ಹೇಳಲಿ! ತಲೆಯೊಳಗೆ ಯಾರೋ ಕಸ ಗುಡಿಸಿ ನೀರು ಚಿಮುಕಿಸಿದ ಹಾಗಿತ್ತು. ಕಿಟಕಿಯ ಬಿಸಿಲು ಹೊಸದು, ದೋಸೆ ಹೊಸದು, ದೂರು ಹೇಳುವ ಗ್ರಾಹಕರ ಬೈಗುಳವೂ ಹೊಸದು. ಸುಳ್ಯದಿಂದ ಸಲಾಲಾವರೆಗೆ ಯಾರು ಸಿಕ್ಕರೂ ವಾದ ಮಾಡಲು ಸಿದ್ಧನಾದೆ. ಬೆಳಿಗ್ಗೆ ಮುಖವಾಡ ತೆಗೆದ ಕೂಡಲೇ ಮಾತು ಶುರು, ಮಲಗುವಾಗ ಮುಖವಾಡ ಹಾಕುವವರೆಗೂ ಮಾತು.

ಹೆಂಡತಿಯ ಕಣ್ಣಿನ ಕೆಳಗೆ ಮಾತ್ರ ಕಪ್ಪು ಇಳಿಯುತ್ತಿತ್ತು. ಮುಖವಾಡ ಜಾರಿದರೆ ಸರಿಮಾಡಲು ನನಗೆ ಕೈಯಿಲ್ಲ. ಹೊಟ್ಟೆ ತೊಳಸಿ ವಾಂತಿ ಬಂದರೆ ಕಿತ್ತೆಸೆಯಲು ಕೈಯಿಲ್ಲ. ಕರೆಂಟು ಹೋದರೆ ಕರೆಯಬೇಕು, ಕರೆಯಲು ಬಾಯಿ ತೆರೆದರೆ ಬುಸ್ಸೆಂಬ ಗಾಳಿಯೇ ಹೊರತು ಸ್ವರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಈಗ ಗೊರಕೆ ಇಲ್ಲ. ಮೊದಲು ಗೊರಕೆ ಕೇಳಿದಾಗಲಾದರೂ ಅವಳಿಗೆ ಧೈರ್ಯವಿರುತ್ತಿತ್ತು. ಈಗ ಪಕ್ಕದ ಮಂಚದಲ್ಲಿ ಮಲಗಿ, ನಾನು ಉಸಿರಾಡುತ್ತಿದ್ದೇನೆಯೇ ಎಂದು ಕಿವಿಗೊಟ್ಟು ಕಿವಿಗೊಟ್ಟು, ಸಾಲದೆಂದು ಎದ್ದು ಬಂದು ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಹಗಲು ಆಫೀಸು. ಒಮ್ಮೆ ನನಗೆ ಉಣಿಸುತ್ತಿದ್ದಾಗ ಚಮಚ ಬಾಯಿಯ ಹತ್ತಿರ ಬಂದು ನಿಂತೇಬಿಟ್ಟಿತು. ಕೂತಲ್ಲೇ ನಿದ್ದೆ ಹೋಗಿದ್ದಳು. “ಮಲಗು ಮಾರಾಯ್ತಿ, ಅತ್ತೆ ನೋಡಿಕೊಳ್ತಾರೆ” ಎಂದೆ. “ಮಲಗಿದ್ರೂ ನಿದ್ದೆ ಬರೂದಿಲ್ಲ. ನಿಮ್ಮ ಸದ್ದು ಕೇಳ್ದಿದ್ರೆ ಕಣ್ಣು ಮುಚ್ಚೂದೇ ಇಲ್ಲ. ನೀವು ಬಾಯಿ ತೆಗೀರಿ” ಎಂದು ಚಮಚ ತುರುಕಿದಳು. ಅತ್ತೆ ಪಾಳಿಯಲ್ಲಿ ಕೂತರೂ ಇವಳು ಎಚ್ಚರವೇ. ನನ್ನ ನಿದ್ದೆ ವಾಪಸು ಬಂದಿತ್ತು, ಅವಳದು ಹೋಗಿತ್ತು. ಇದು ನನಗೆ ನುಂಗಲಾಗದ ಸಂಕಟವಾಯಿತು.

ಈ ನಡುವೆ ಕೂಟಕ್ಕೆ ಹೊಸ ಪ್ರಸಂಗ ಗೊತ್ತಾಯಿತು. ಬಾಣ ತಾಗಿ ನೆಲಕ್ಕೆ ಬಿದ್ದ ಮೇಲೆ, ಬಾಣ ಬಿಟ್ಟವನನ್ನೇ ಎದುರಿಗೆ ನಿಲ್ಲಿಸಿಕೊಂಡು ನ್ಯಾಯ ಕೇಳಿ ಕೇಳಿ ಕೊನೆಗೆ ಪ್ರಾಣ ಬಿಡುವ ರಾಜನ ಪಾತ್ರ. ನಾನು ಹಾರಿ ಹಿಡಿದೆ, ಅಂದರೆ ಬಾಯಲ್ಲಿ. “ಮಲಗಿಯೇ ಹೇಳ್ತೇನೆ” ಎಂದೆ. ಭಾಗವತರಿಗೆ ಒಪ್ಪಿಗೆಯಿಲ್ಲ. ಅರ್ಥ ಹೇಳುವವನು ಕೂತು ಹೇಳಬೇಕು, ಅದು ಕ್ರಮ. ಮದ್ದಳೆಯವರು ಕೇಳಿದರು, “ಬಾಣ ತಾಗಿ ಬಿದ್ದವ ಕೂತು ಮಾತಾಡೂದು ಯಾವ ಕ್ರಮ ಮಾರಾಯ್ರೆ?” ಭಾಗವತರು ಗೊಣಗುತ್ತಲೇ ಒಪ್ಪಿದರು.

ಶುಕ್ರವಾರ ಮದ್ದಳೆಯವರು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದ ಮೇಲೆ ಕೂಟ. ನನ್ನ ಮಂಚವನ್ನು ಹಾಲಿಗೆ ತಂದಿಟ್ಟಿದ್ದರು. ಸೀರೆ ಬಿಚ್ಚಿ ಹೊಟ್ಟೆ ಹಗುರಾಗಿತ್ತು. ಮೊದಲ ಪದ್ಯ ಮುಗಿಯಿತು. ನಾನು ಚಾವಣಿಯ ಫ್ಯಾನು ನೋಡುತ್ತ ಬಾಯಿ ತೆರೆದೆ. ಬಂತು ನೋಡಿ! ವಾದಿಗೆ ಹಾರುವ ಮೊದಲಿನ ಸ್ವರವಲ್ಲದಿದ್ದರೂ ಅದರ ತಮ್ಮ. ಉಸಿರು ಕೆಡಲಿಲ್ಲ, ಕಣ್ಣು ಎಳೆಯಲಿಲ್ಲ. ಬಾಣ ಬಿಟ್ಟವನ ಪಾತ್ರದ ಮ್ಯಾನೇಜರು ಧರ್ಮ ಎಂದರೆ, ಮರೆಯಲ್ಲಿ ನಿಂತು ಹೊಡೆಯುವುದು ಯಾವ ಧರ್ಮವೆಂದು ನಾನು ಕೇಳಿದೆ. ಅವರು ಶಾಸ್ತ್ರ ತೆಗೆದರೆ ನಾನು ಸೀಬಿನ ಟ್ರಾಫಿಕ್ ನಿಯಮ ತೆಗೆದೆ. ಸಭೆ ನಕ್ಕು ನಕ್ಕು ಸುಸ್ತಾಯಿತು. ಕೊನೆಯ ಹಂತಕ್ಕೆ ಬಂದೆ. ಇನ್ನು ನಾಲ್ಕು ಮಾತಾಡಿ ಪ್ರಾಣ ಬಿಟ್ಟರೆ ಪಾತ್ರ ಪೂರ್ತಿ. ಆ ನಾಲ್ಕು ಮಾತನ್ನು ಹೆಂಡತಿಯ ಮುಖ ನೋಡಿಕೊಂಡೇ ಹೇಳಬೇಕೆಂದು ತಲೆ ತಿರುಗಿಸಿದೆ.

ಗೋಡೆಯ ಬದಿಯ ಚಾಪೆಯ ಮೇಲೆ, ಅತ್ತೆಯ ತೊಡೆಗೆ ತಲೆಯಿಟ್ಟು, ಅವಳು ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಮದ್ದಳೆ, ಚಪ್ಪಾಳೆ, ನಗು ಯಾವುದೂ ಅವಳನ್ನು ತಟ್ಟುತ್ತಿರಲಿಲ್ಲ. ನನ್ನ ಸ್ವರ ಹಾಲಿನ ತುಂಬ ಕೇಳುತ್ತಿತ್ತಲ್ಲ, ಅವಳು ಕಾಯಬೇಕಾದ್ದು ಏನೂ ಇರಲಿಲ್ಲ.

ಭಾಗವತರು ಮುಕ್ತಾಯದ ಪದ್ಯಕ್ಕೆ ತಾಳ ಎತ್ತಿದರು. ನಾನು ತಲೆಯಾಡಿಸಿ ಬೇಡವೆಂದೆ. ರಾಜ ಸಾಯಲಿಲ್ಲ, ಇನ್ನೊಂದು ಪ್ರಶ್ನೆ ಎತ್ತಿದ. ಮ್ಯಾನೇಜರು ಉತ್ತರಿಸಿದರು. ಮತ್ತೊಂದು ಎತ್ತಿದ. ಕೊನೆಗೆ ಅವರು ಸೋತು, “ಒಪ್ಪಿದೆ ವೀರನೇ, ತಪ್ಪು ನನ್ನದೇ” ಎಂದುಬಿಟ್ಟರು. “ನೀನು ಒಪ್ಪಿದ್ದನ್ನು ನಾನು ಒಪ್ಪುವುದಿಲ್ಲ” ಎಂದೆ. ಸಭೆ ಚಹಾಕ್ಕೆ ಎದ್ದಿತು, ಬಂದು ಕೂತಿತು, ಸೂರ್ಯ ಮುಳುಗಿ ಮಗ್ರಿಬ್ ಬಾಂಗು ಕೂಗಿತು, ಮದ್ದಳೆಯವರು ಹೋಗಿ ನಮಾಜು ಮುಗಿಸಿ ಬಂದರು. ನಾನು ಮಾತಾಡುತ್ತಲೇ ಇದ್ದೆ. ಗಂಟಲು ಒಣಗಿತು, ಉಸಿರು ತುಂಡಾಗತೊಡಗಿತು, ಮೂರು ಪದಕ್ಕೊಮ್ಮೆ ನಿಲ್ಲಬೇಕಾಯಿತು. ಚಾಪೆಯ ಮೇಲೆ ಅವಳು ಮಗ್ಗುಲು ಬದಲಿಸಿ ಇನ್ನಷ್ಟು ಮುದುಡಿ ಮಲಗಿದಳು. ನಾನು ಇನ್ನೊಂದು ಉಸಿರು ಎಳೆದುಕೊಂಡು ಮುಂದಿನ ಮಾತಿಗೆ ಬಾಯಿ ತೆರೆದೆ.